‘ಏನು ಬಿಡಿಸಲಿ?’ ಎಂದು ಕೇಳುವ ಮಕ್ಕಳು

ಎರಡು ತ್ರಿಕೋನಾಕಾರದ ಗುಡ್ಡಗಳು, ಅವುಗಳ ನಡುವೆ ಅರ್ಧ ಮೂಡಿದ ಸೂರ್ಯ, ಗುಡ್ಡದ ಬುಡದಿಂದ ಅಂಕುಡೊಂಕಾಗಿ ಹರಿದುಬರುವ ನದಿ, ದಡದಲ್ಲೊಂದು ಗುಡಿಸಲು, ಅದರ ಮಗ್ಗುಲಲ್ಲಿ ಬಾಗಿದ ತೆಂಗಿನ ಮರ, ಆಕಾಶದಲ್ಲಿ ಸರಿ ಗುರುತನ್ನು ಹೋಲುವ ನಾಲ್ಕು ಹಕ್ಕಿಗಳು. ಕರ್ನಾಟಕದ ಯಾವುದೇ ಶಾಲೆಗೆ ಹೋಗಿ, ಮಕ್ಕಳ ಕೈಗೆ ಹಾಳೆ ಕೊಟ್ಟು ‘ನಿಮಗೆ ಇಷ್ಟವಾದ ಚಿತ್ರ ಬಿಡಿಸಿ’ ಎಂದರೆ ಬಹುಮಂದಿ ಬಿಡಿಸುವುದು ಇದನ್ನೇ. ವಿಜಯಪುರದ ಎರೆಭೂಮಿಯ ಬಯಲಿನಲ್ಲಿ ಬೆಳೆದ ಮಗುವೂ ಇದನ್ನೇ ಬಿಡಿಸುತ್ತದೆ. ಸೂರ್ಯ ಸಮುದ್ರದಲ್ಲಿ ಮುಳುಗುವುದನ್ನು ದಿನವೂ ನೋಡುವ ಕರಾವಳಿಯ ಮಗುವೂ ಸೂರ್ಯನನ್ನು ತಂದು ಗುಡ್ಡಗಳ ನಡುವೆಯೇ ಕೂರಿಸುತ್ತದೆ. ಬೆಂಗಳೂರಿನ ಬಹುಮಹಡಿ ಕಟ್ಟಡದ ಹನ್ನೆರಡನೆಯ ಅಂತಸ್ತಿನಲ್ಲಿರುವ ಮಗುವಿಗೂ ಮನೆಯೆಂದರೆ ನದಿಯ ದಡದ ಗುಡಿಸಲೇ.

ಮೂರು ದಶಕಗಳ ಕಾಲ ಪ್ರೌಢಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕನಾಗಿ ದುಡಿದ ನಾನು ಈ ಚಿತ್ರವನ್ನು ಸಾವಿರಾರು ಸಲ ನೋಡಿದ್ದೇನೆ. ಈ ನದಿಯನ್ನು, ಈ ಗುಡಿಸಲನ್ನು ಕಣ್ಣಾರೆ ಕಂಡ ಒಂದು ಮಗುವನ್ನೂ ನಾನು ಕಂಡಿಲ್ಲ. ಇದು ಅಣ್ಣನಿಂದ ತಂಗಿಗೆ, ಹಿಂದಿನ ಬೆಂಚಿನಿಂದ ಮುಂದಿನ ಬೆಂಚಿಗೆ ದಾಟುತ್ತಾ ಬಂದಿರುವ ಚಿತ್ರ. ಇದನ್ನು ಬಿಡಿಸುವ ಮುನ್ನ ಮಕ್ಕಳು ತಪ್ಪದೆ ಒಂದು ಪ್ರಶ್ನೆ ಕೇಳುತ್ತಾರೆ: ‘ಸಾರ್, ಏನು ಬಿಡಿಸಲಿ?’

ಈ ಪ್ರಶ್ನೆಯನ್ನು ನಾವು ಕಲ್ಪನಾಶಕ್ತಿಯ ಕೊರತೆ ಎಂದು ಬಗೆಯುತ್ತೇವೆ. ‘ಇವನಿಗೆ ತಲೆಯಲ್ಲಿ ಏನೂ ಹೊಳೆಯುವುದಿಲ್ಲ’ ಎಂದು ತೀರ್ಪು ಕೊಟ್ಟು ಮುಂದೆ ಹೋಗುತ್ತೇವೆ. ಆದರೆ ಮೂರು ನಾಲ್ಕು ವರ್ಷದ ಮಗು ಎಂದೂ ಈ ಪ್ರಶ್ನೆ ಕೇಳುವುದಿಲ್ಲ ಎಂಬುದನ್ನು ಗಮನಿಸಬೇಕು. ಅದರ ಕೈಗೆ ಇದ್ದಿಲು ಸಿಕ್ಕರೆ ಗೋಡೆಯೇ ಹಾಳೆಯಾಗುತ್ತದೆ. ಗೀಚಿದ್ದು ಏನೆಂದು ಕೇಳಿದರೆ, ಅದು ಅಜ್ಜಿ, ಅದು ಬಸ್ಸು, ಬಸ್ಸಿನೊಳಗೆ ನಾಯಿ ಎಂದು ಕಥೆಯನ್ನೇ ಹೇಳುತ್ತದೆ. ಅದೇ ಮಗು ಐದನೆಯ ತರಗತಿಗೆ ಬರುವ ಹೊತ್ತಿಗೆ ಬಿಳಿ ಹಾಳೆಯ ಮುಂದೆ ಪೆನ್ಸಿಲ್ ಕಚ್ಚುತ್ತಾ ಕೂತಿರುತ್ತದೆ. ನಡುವಿನ ಆ ಆರೇಳು ವರ್ಷಗಳಲ್ಲಿ ಏನಾಯಿತು? ಕಲ್ಪನೆ ಬತ್ತಿತೆ? ಅಥವಾ, ಯಾವುದನ್ನು ಬಿಡಿಸಬೇಕು ಎಂದು ತೀರ್ಮಾನಿಸುವ ಹಕ್ಕು ತನ್ನದಲ್ಲವೆಂದು ಅದಕ್ಕೆ ಯಾರೋ ಕಲಿಸಿಕೊಟ್ಟರೆ?

ಕಲಿಸಿಕೊಟ್ಟವರು ನಾವೇ ಎಂಬುದು ನನ್ನ ವಾದ. ಇದಕ್ಕೆ ದೊಡ್ಡ ಸಾಕ್ಷ್ಯ ನಮ್ಮ ಚಿತ್ರಕಲಾ ಸ್ಪರ್ಧೆಗಳು. ಪರಿಸರ ದಿನದಿಂದ ಹಿಡಿದು ಗಾಂಧಿ ಜಯಂತಿಯವರೆಗೆ, ಬಡಾವಣೆಯ ಗಣೇಶೋತ್ಸವದಿಂದ ಹಿಡಿದು ಬ್ಯಾಂಕಿನ ವಾರ್ಷಿಕೋತ್ಸವದವರೆಗೆ ಇಂತಹ ಸ್ಪರ್ಧೆಗಳಿಗೆ ಬರವಿಲ್ಲ. ಎಲ್ಲ ಕಡೆಯೂ ವಿಷಯವನ್ನು ದೊಡ್ಡವರೇ ಕೊಡುತ್ತಾರೆ: ಪರಿಸರ ಸಂರಕ್ಷಣೆ, ನೀರು ಉಳಿಸಿ, ಸ್ವಚ್ಛತೆ, ನನ್ನ ಕನಸಿನ ಭಾರತ. ತೀರ್ಪುಗಾರನಾಗಿ ಕೂತಾಗ ನನ್ನ ಮುಂದೆ ಬರುವ ಚಿತ್ರಗಳನ್ನು ನೋಡದೆಯೇ ವರ್ಣಿಸಬಲ್ಲೆ. ಎರಡು ಅಂಗೈಗಳ ನಡುವೆ ಭೂಗೋಳ. ಆ ಭೂಗೋಳಕ್ಕೆ ಕಣ್ಣೀರು. ಅರ್ಧ ಹಸಿರು, ಅರ್ಧ ಒಣಗಿದ ಮರ. ನಲ್ಲಿಯಿಂದ ತೊಟ್ಟಿಕ್ಕುವ ಕೊನೆಯ ಹನಿ. ಇವು ಚಿತ್ರಗಳಿಗಿಂತ ಹೆಚ್ಚಾಗಿ ಬಣ್ಣ ತುಂಬಿದ ಘೋಷಣೆಗಳು. ಚಿತ್ರಕಲೆಯ ಟ್ಯೂಷನ್ ತರಗತಿಗಳಲ್ಲಿ ಇಂತಹ ಐದಾರು ಚಿತ್ರಗಳನ್ನು ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಿ, ವಿಷಯಕ್ಕೆ ತಕ್ಕದ್ದನ್ನು ಇಳಿಸಿ ಬರುವಂತೆ ಮಕ್ಕಳನ್ನು ಕಳುಹಿಸುವುದುಂಟು. ಒಂದೇ ಭೂಗೋಳ, ಒಂದೇ ಕಣ್ಣೀರು ಹತ್ತು ಹಾಳೆಗಳಲ್ಲಿ ಹತ್ತು ಹೆಸರಿನಲ್ಲಿ ಬಂದದ್ದನ್ನು ನಾನೇ ನೋಡಿದ್ದೇನೆ.

ಸಂಘಟಕರ ಉದ್ದೇಶ ಕೆಟ್ಟದ್ದೆಂದು ನಾನು ಹೇಳಲಾರೆ. ನೀರು ಉಳಿಯಬೇಕು, ಮರ ಬೆಳೆಯಬೇಕು ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ಆದರೆ ಮಗು ಇಲ್ಲಿ ಸದ್ದಿಲ್ಲದೆ ಕಲಿಯುವ ಪಾಠ ಬೇರೆಯದೇ. ಚಿತ್ರಕ್ಕೆ ಯೋಗ್ಯವಾದ ವಿಷಯ ತನ್ನ ಬಳಿ ಇಲ್ಲ, ಅದು ದೊಡ್ಡವರ ಜೇಬಿನಲ್ಲಿದೆ ಎಂಬ ಪಾಠ ಅದು. ಬೇಸಿಗೆಯಲ್ಲಿ ತನ್ನ ಬೀದಿಗೆ ಟ್ಯಾಂಕರ್ ಬಂದಾಗ ಸಾಲುಗಟ್ಟುವ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳನ್ನು ದಿನವೂ ನೋಡುವ ಹುಡುಗಿ, ನೀರಿನ ಬಗ್ಗೆ ಚಿತ್ರ ಬಿಡಿಸು ಎಂದರೆ ಆ ಕೊಡಗಳನ್ನು ಬಿಟ್ಟು ಭೂಗೋಳವನ್ನು ಬಿಡಿಸುತ್ತಾಳೆ. ತಾನು ನೋಡಿದ್ದು ಚಿತ್ರವಾಗಲಾರದೆಂದು ಅವಳು ನಂಬಿಬಿಟ್ಟಿದ್ದಾಳೆ.

ಹಾಗಾದರೆ ವಿಷಯವನ್ನೇ ಕೊಡದೆ, ‘ಏನು ಬೇಕಾದರೂ ಬಿಡಿಸು’ ಎಂದು ಬಿಟ್ಟುಬಿಡುವುದು ಪರಿಹಾರವೆ? ಅಲ್ಲ. ಅದು ಸ್ವಾತಂತ್ರ್ಯದ ವೇಷ ತೊಟ್ಟ ಉದಾಸೀನ. ಏನು ಬೇಕಾದರೂ ಎಂದಾಗ ಮಗುವಿಗೆ ಏನೂ ಕಾಣುವುದಿಲ್ಲ. ದಿಕ್ಕು ತೋಚದೆ ಅದು ಮತ್ತೆ ಆ ಎರಡು ಗುಡ್ಡಗಳ ನಡುವೆಯೇ ಆಶ್ರಯ ಪಡೆಯುತ್ತದೆ. ಮಗುವಷ್ಟೇ ಅಲ್ಲ, ನುರಿತ ಕಲಾವಿದರನ್ನೂ ಬಿಳಿ ಹಾಳೆ ಹೆದರಿಸುತ್ತದೆ. ಅಮೆರಿಕದ ಚಿತ್ರಕಾರ ಜೇಕ್ ಪಾರ್ಕರ್ 2009ರಲ್ಲಿ ಆರಂಭಿಸಿದ ‘ಇಂಕ್ಟೋಬರ್’ ಎಂಬ ಅಭ್ಯಾಸದಲ್ಲಿ ಅಕ್ಟೋಬರ್ ತಿಂಗಳ ಪ್ರತಿದಿನವೂ ಶಾಯಿಯಲ್ಲಿ ಒಂದು ಚಿತ್ರ ಬಿಡಿಸಬೇಕು. ಮುಂದೆ ಅದಕ್ಕೆ ದಿನಕ್ಕೊಂದು ಪದದ ಪಟ್ಟಿಯೂ ಸೇರಿಕೊಂಡಿತು. ಜಗತ್ತಿನಾದ್ಯಂತ ಅಸಂಖ್ಯ ಮಂದಿ ಆ ಪಟ್ಟಿಗಾಗಿ ಕಾಯುತ್ತಾರೆ ಎಂಬುದೇ ‘ಏನು ಬಿಡಿಸಲಿ’ ಎಂಬ ಸಂಕಟ ಎಷ್ಟು ವ್ಯಾಪಕ ಎಂಬುದನ್ನು ಹೇಳುತ್ತದೆ.

ಈ ಸಂಕಟ ಹೊಸದೂ ಅಲ್ಲ. ಹನ್ನೊಂದನೆಯ ಶತಮಾನದ ಚೀನಾದಲ್ಲಿ ಸಾಂಗ್ ದಿ ಎಂಬ ಚಿತ್ರಕಾರ ಇನ್ನೊಬ್ಬ ಕಲಾವಿದನಿಗೆ ಕೊಟ್ಟ ಸಲಹೆಯನ್ನು ಶೆನ್ ಕುವೊ ಎಂಬ ವಿದ್ವಾಂಸ ದಾಖಲಿಸಿದ್ದಾನೆ. ಪಾಳುಬಿದ್ದ ಗೋಡೆಯ ಮೇಲೆ ಬಿಳಿಯ ರೇಷ್ಮೆ ಬಟ್ಟೆಯನ್ನು ಇಳಿಬಿಟ್ಟು ಬೆಳಿಗ್ಗೆ, ಸಂಜೆ ನೋಡುತ್ತಿರು, ಕ್ರಮೇಣ ಗೋಡೆಯ ಉಬ್ಬುತಗ್ಗುಗಳೇ ಬೆಟ್ಟ, ಕಣಿವೆ, ನೀರಾಗಿ ಕಾಣತೊಡಗುತ್ತವೆ ಎಂಬುದು ಆ ಸಲಹೆ. ಸುಮಾರು ನಾಲ್ಕು ನೂರು ವರ್ಷಗಳ ತರುವಾಯ ಇಟಲಿಯಲ್ಲಿ ಲಿಯೊನಾರ್ಡೊ ಡ ವಿಂಚಿ ಹೆಚ್ಚುಕಡಿಮೆ ಇದೇ ಮಾತನ್ನು ಬರೆದಿಟ್ಟ. ತೇವದಿಂದ ಕಲೆಗಟ್ಟಿದ ಗೋಡೆಯನ್ನೋ ಬಣ್ಣ ಬೆರೆತ ಕಲ್ಲನ್ನೋ ದಿಟ್ಟಿಸಿದರೆ ಅದರಲ್ಲಿ ನದಿ, ಬಂಡೆ, ಮರಗಳು, ಯುದ್ಧ ಮಾಡುತ್ತಿರುವ ಯೋಧರು, ವಿಚಿತ್ರ ಮುಖಗಳು ಕಾಣುತ್ತವೆ ಎಂದ. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಅಲೆಕ್ಸಾಂಡರ್ ಕೋಜೆನ್ಸ್ ಕಾಗದದ ಮೇಲೆ ಶಾಯಿಯ ಕಲೆಗಳನ್ನು ಮೂಡಿಸಿ, ಅವುಗಳಿಂದ ಭೂದೃಶ್ಯಗಳನ್ನು ಕಟ್ಟುವ ವಿಧಾನವನ್ನು ಕುರಿತು ಒಂದು ಪುಸ್ತಕವನ್ನೇ ಪ್ರಕಟಿಸಿದ. ಕನ್ನಡದಲ್ಲಿ ‘ಕಲೆ’ ಎಂಬ ಒಂದೇ ಪದಕ್ಕೆ ಗೋಡೆಯ ಮೇಲಿನ ಕಲೆ, ಕಲಾವಿದನ ಕಲೆ ಎಂಬ ಎರಡೂ ಅರ್ಥಗಳಿರುವುದು ಕಾಕತಾಳೀಯವೇ ಇರಬಹುದು. ಆದರೂ ಒಂದು ಇನ್ನೊಂದಕ್ಕೆ ದಾರಿಯಾಗಬಲ್ಲದು ಎಂಬುದನ್ನು ಈ ಮೂವರೂ ಬಲ್ಲವರಾಗಿದ್ದರು.

ಲಿಯೊನಾರ್ಡೊ ಇದರ ಜೊತೆಗೇ ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದಾನೆ. ಬಣ್ಣದಲ್ಲಿ ಅದ್ದಿದ ಸ್ಪಂಜನ್ನು ಗೋಡೆಗೆ ಎಸೆದರೆ ಸಾಕು, ಭೂದೃಶ್ಯ ಸಿಕ್ಕಿಬಿಡುತ್ತದೆ ಎಂಬ ಧೋರಣೆ ಚಿತ್ರಕಾರ ಬಾಟಿಚೆಲ್ಲಿಯದಾಗಿತ್ತಂತೆ. ಗೋಡೆಯ ಕಲೆಗಳು ಹೊಳಹನ್ನು ಕೊಡಬಲ್ಲವೇ ಹೊರತು ಒಂದು ವಿವರವನ್ನೂ ಪೂರ್ಣಗೊಳಿಸುವುದನ್ನು ಕಲಿಸಲಾರವು ಎಂಬುದು ಅದಕ್ಕೆ ಲಿಯೊನಾರ್ಡೊನ ಉತ್ತರ. ಕಲೆಯಲ್ಲಿ ಕುದುರೆ ಕಾಣಬೇಕಾದರೆ ಮೊದಲು ಕುದುರೆಯನ್ನು ಚೆನ್ನಾಗಿ ನೋಡಿರಬೇಕು. ಹೊಳಹು ತಲೆಯೊಳಗೆ ತಾನಾಗಿ ಹುಟ್ಟುವ ವಸ್ತುವಲ್ಲ. ಕಣ್ಣು ಹೊರಗಿನ ಏನನ್ನಾದರೂ ಸಂಧಿಸಿದಾಗ, ಹಿಂದೆ ನೋಡಿದ್ದು ಎಚ್ಚೆತ್ತಾಗ ಅದು ಹುಟ್ಟುತ್ತದೆ. ‘ಏನು ಬಿಡಿಸಲಿ’ ಎಂದು ಕಣ್ಣು ಮುಚ್ಚಿ ಯೋಚಿಸುವವನಿಗಿಂತ ಕಣ್ಣು ತೆರೆದು ಸುತ್ತ ನೋಡುವವನಿಗೆ ಉತ್ತರ ಬೇಗ ಸಿಗುವುದು ಇದರಿಂದಲೇ.

ನಮ್ಮ ದೇಶದಲ್ಲಿ ಇದಕ್ಕೆ ರವೀಂದ್ರನಾಥ ಠಾಕೂರರಿಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಕವಿತೆಯ ಹಸ್ತಪ್ರತಿಯಲ್ಲಿ ಬೇಡವಾದ ಸಾಲುಗಳನ್ನು ಹೊಡೆದುಹಾಕುವಾಗ ಆ ಗೀಟುಗಳನ್ನು ಅವರು ಒಂದಕ್ಕೊಂದು ಜೋಡಿಸುತ್ತಿದ್ದರು. 1924ರ ಹೊತ್ತಿಗೆ ‘ಪೂರಬಿ’ ಸಂಕಲನದ ಹಸ್ತಪ್ರತಿಯ ಪುಟಗಳಲ್ಲಿ ಹಾಗೆ ಹೊಡೆದುಹಾಕಿದ ಪದಗಳೇ ಹಕ್ಕಿಗಳಾಗಿ, ವಿಚಿತ್ರ ಮೃಗಗಳಾಗಿ ಎದ್ದು ನಿಂತವು. ಅರ್ಜೆಂಟೀನಾದಲ್ಲಿ ಅವರಿಗೆ ಆತಿಥ್ಯ ನೀಡಿದ್ದ ವಿಕ್ಟೋರಿಯಾ ಒಕಾಂಪೊ ಆ ಪುಟಗಳನ್ನು ಕಂಡು ಬೆರಗಾದರು. ಅವರ ನೆರವಿನಿಂದಲೇ 1930ರಲ್ಲಿ ಪ್ಯಾರಿಸ್‌ನಲ್ಲಿ ರವೀಂದ್ರರ ಚಿತ್ರಗಳ ಮೊದಲ ಪ್ರದರ್ಶನ ನಡೆಯಿತು. ಆಗ ಅವರಿಗೆ 69 ವರ್ಷ. ತಮ್ಮದೇ ಹಸ್ತಪ್ರತಿಯ ಚಿತ್ತುಗಳನ್ನು ಮತ್ತೊಮ್ಮೆ ನೋಡಿದ್ದರಿಂದ ಅವರಿಗೆ ವಿಷಯ ದೊರೆಯಿತು. ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳ ಹರಹು ಹೊಡೆದುಹಾಕಿದ ಒಂದು ಸಾಲಿನಿಂದ ಆರಂಭವಾಯಿತು.

ನಮ್ಮದೇ ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರ ಬಾಲ್ಯವನ್ನೂ ನೆನೆಯಬಹುದು. ಶಾಲೆಯಲ್ಲಿ ಅವರು ಬಿಡಿಸಿದ ಅರಳಿ ಎಲೆಯೊಂದನ್ನು ಮೇಷ್ಟರು ಮೆಚ್ಚಿ ಹೊಗಳಿದಾಗ, ತಾನೂ ಚಿತ್ರಕಾರನಾಗಬಲ್ಲೆನೆಂಬ ಭಾವ ಅವರಲ್ಲಿ ಮೂಡಿತು. ಮನೆಯ ಕಿಟಕಿಯಿಂದ ಕಾಣುತ್ತಿದ್ದ ಒಣ ಕಡ್ಡಿಗಳು, ಎಲೆಗಳು, ಸೌದೆ ಒಡೆಯುವ ಆಳುಗಳು, ಎದುರು ಕಟ್ಟಡದ ಮೇಲೆ ನಾನಾ ಭಂಗಿಗಳಲ್ಲಿ ಕೂತ ಕಾಗೆಗಳು ಅವರ ಮೊದಲ ವಸ್ತುಗಳಾಗಿದ್ದವು. ಯಾರೂ ಎರಡನೆಯ ಸಲ ನೋಡದ ಕಾಗೆಯನ್ನು ಅವರು ಜೀವನವಿಡೀ ಬಿಡಿಸಿದರು. 1951ರಿಂದ ಐದು ದಶಕಗಳಿಗೂ ಹೆಚ್ಚು ಕಾಲ ಪತ್ರಿಕೆಯ ಮುಖಪುಟದ ಮೂಲೆಯಲ್ಲಿ ದೇಶದ ಆಗುಹೋಗುಗಳನ್ನು ನೋಡುತ್ತಾ ನಿಂತ ‘ಶ್ರೀಸಾಮಾನ್ಯ’ನೂ ಒಂದು ಮಾತನ್ನೂ ಆಡದೆ ಕೇವಲ ನೋಡುವವನು. ಅವನ ಸೃಷ್ಟಿಕರ್ತ ನೋಡುವುದನ್ನು ಕಲಿತದ್ದು ಮೈಸೂರಿನ ಒಂದು ಕಿಟಕಿಯಲ್ಲಿ. ಆ ಅರಳಿ ಎಲೆಯ ಬದಲು ಅಂದು ‘ನನ್ನ ಕನಸಿನ ಭಾರತ’ವನ್ನು ಬಿಡಿಸಬೇಕಾಗಿ ಬಂದಿದ್ದರೆ ಏನಾಗುತ್ತಿತ್ತೋ!

ಶಾಂತಿನಿಕೇತನದ ಕಲಾಭವನದಲ್ಲಿ ನಂದಲಾಲ್ ಬೋಸರು ಈ ನೋಟವನ್ನೇ ಬೋಧನೆಯ ತಳಹದಿಯಾಗಿಸಿದರು. ಪುರಾಣದ ದೃಶ್ಯಗಳನ್ನು ಬರೆದು ಹೆಸರಾಗಿದ್ದ ಅವರು, 1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕಾಗಿ ಗಾಂಧೀಜಿಯ ಕೋರಿಕೆಯ ಮೇರೆಗೆ ಚಿತ್ರಫಲಕಗಳನ್ನು ಸಿದ್ಧಪಡಿಸುವಾಗ ಹಳ್ಳಿಯತ್ತ ಮುಖ ಮಾಡಿದರು. ಹೊಲ ಉಳುವವನು, ವಾದ್ಯ ನುಡಿಸುವವನು, ಮನೆಗೆಲಸದಲ್ಲಿ ತೊಡಗಿದ ಹೆಂಗಸು ಆ ಫಲಕಗಳಲ್ಲಿ ಕಾಣಿಸಿಕೊಂಡರು. ದೇಶವನ್ನು ಕುರಿತು ಚಿತ್ರ ಬರೆಯಬೇಕಾದಾಗ ಅವರು ಭೂಪಟವನ್ನಾಗಲಿ ಬಾವುಟವನ್ನಾಗಲಿ ಬರೆಯಲಿಲ್ಲ. ದೇಶದಲ್ಲಿ ಕೆಲಸ ಮಾಡುತ್ತಿದ್ದ ಕೈಗಳನ್ನು ಬರೆದರು. ಅವರ ಶಿಷ್ಯ ಬಿನೋದ್ ಬಿಹಾರಿ ಮುಖರ್ಜಿಯವರ ದೃಷ್ಟಿ ಹುಟ್ಟಿನಿಂದಲೇ ತೀರಾ ದುರ್ಬಲ. ಒಂದು ಕಣ್ಣು ಕಾಣುತ್ತಲೇ ಇರಲಿಲ್ಲ. ಆದರೂ 1940ರಲ್ಲಿ ಕಲಾಭವನದ ವಿದ್ಯಾರ್ಥಿ ನಿಲಯದ ಚಾವಣಿಯ ಮೇಲೆ, ನಡುವೆ ಕೊಳವೊಂದನ್ನಿಟ್ಟು ಸುತ್ತಲೂ ಬೀರಭೂಮ್ ಜಿಲ್ಲೆಯ ಹಳ್ಳಿಯ ಬದುಕನ್ನು ಹರಡಿದವರು ಅವರು. 1950ರ ದಶಕದಲ್ಲಿ ದೃಷ್ಟಿ ಪೂರ್ಣ ಹೋದ ಮೇಲೂ ಬಣ್ಣದ ಕಾಗದಗಳನ್ನು ಕತ್ತರಿಸಿ ಅಂಟಿಸಿ ಚಿತ್ರ ರಚಿಸುವುದನ್ನು ಮುಂದುವರಿಸಿದರು. ಕಣ್ಣಿರುವ ನಮಗೆ ವಿಷಯವಿಲ್ಲ ಎನ್ನುವ ಮುನ್ನ ಈ ಹಿರಿಯನನ್ನೊಮ್ಮೆ ನೆನೆಯುವುದು ಒಳ್ಳೆಯದು.

ವಿಷಯ ಮುಗಿದುಹೋಗುತ್ತದೆ ಎಂಬ ಭಯವೂ ಸುಳ್ಳೇ. ಇಟಲಿಯ ಬೊಲೋನ್ಯಾ ನಗರದ ಜಾರ್ಜೊ ಮೊರಾಂಡಿ ಬದುಕಿನ ಬಹುಭಾಗ ತನ್ನ ಕೋಣೆಯಲ್ಲಿದ್ದ ಅವೇ ಬಾಟಲಿ, ಹೂಜಿ, ಡಬ್ಬಿಗಳನ್ನು ಸ್ಥಳ ಬದಲಿಸಿ ಬರೆಯುತ್ತಾ 1964ರಲ್ಲಿ ತೀರಿಕೊಂಡ. ಆ ಬಾಟಲಿಗಳು ಅವನಿಗೆ ಸಾಕಾಗಲೇ ಇಲ್ಲ. ಅಷ್ಟು ದೂರವೇಕೆ, ನಮ್ಮ ಮನೆಗಳ ಅಂಗಳವನ್ನೇ ನೋಡಿ. ಧನುರ್ಮಾಸದ ಬೆಳಗಿನಲ್ಲಿ ರಂಗೋಲಿ ಹಾಕುವ ತಾಯಂದಿರು ಇಂತಿಷ್ಟು ಚುಕ್ಕಿ, ಇಂತಿಷ್ಟು ಸಾಲು ಎಂಬ ಕಟ್ಟುಪಾಡನ್ನು ಮೊದಲು ಹಾಕಿಕೊಳ್ಳುತ್ತಾರೆ. ಆ ಕಟ್ಟುಪಾಡೇ ದಿನಕ್ಕೊಂದು ಹೊಸ ರಂಗೋಲಿಯನ್ನು ಹುಟ್ಟಿಸುತ್ತದೆ. ಸಾಗರ ಸೀಮೆಯ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿ ನಾರಿನ ಕುಂಚದಿಂದ, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಹಸೆ ಚಿತ್ತಾರ ಬರೆಯುವಾಗಲೂ ಅಷ್ಟೇ. ಬಣ್ಣಗಳು ಬೆರಳೆಣಿಕೆಯಷ್ಟು, ಗೆರೆಗಳು ನೇರ. ಆದರೆ ಮದುವೆಯ ದಂಡಿಗೆಯಿಂದ ಬತ್ತದ ತೆನೆಯವರೆಗೆ ಅವರ ಲೋಕವೆಲ್ಲ ಅದರಲ್ಲಿದೆ. ತಾವು ಬದುಕುವ ಲೋಕವೇ ಗೋಡೆ ಏರಲು ಯೋಗ್ಯ ಎಂಬುದರಲ್ಲಿ ಆ ತಾಯಂದಿರಿಗೆ ಸಂಶಯವಿಲ್ಲ. ಶಾಲೆಗೆ ಹೋದ ಮಕ್ಕಳಿಗೆ ಆ ಸಂಶಯ ಬಂದಿದೆ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ನೋಡಿದ್ದನ್ನೇ ಬರೆಯುವುದಾದರೆ ಕಲ್ಪನೆಗೆ ಎಡೆಯೆಲ್ಲಿ ಎಂಬುದು ಆ ಆಕ್ಷೇಪ. ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ತಳಭಾಗದಲ್ಲಿ ಸಾಲುಸಾಲಾಗಿ ನಿಂತ ಮಕರಗಳನ್ನು ನೋಡಿದರೆ ಉತ್ತರ ಸಿಗುತ್ತದೆ. ಅಂತಹ ಪ್ರಾಣಿ ಎಲ್ಲಿಯೂ ಇಲ್ಲ. ಆದರೆ ಅದರ ಬಾಯಿ ಮೊಸಳೆಯದು, ಸೊಂಡಿಲು ಆನೆಯದು, ಬಾಲದ ಬಳ್ಳಿಗಟ್ಟಿದ ವೈಭವ ನವಿಲಿನದು. ಮೊಸಳೆಯನ್ನೂ ಆನೆಯನ್ನೂ ನವಿಲನ್ನೂ ಚೆನ್ನಾಗಿ ನೋಡಿದ್ದ ಶಿಲ್ಪಿ ಪರಂಪರೆಯೊಂದು ಮಾತ್ರ ಮಕರವನ್ನು ಕಲ್ಪಿಸಬಲ್ಲದು. ಕಲ್ಪನೆಗೆ ಬಂಡವಾಳ ಒದಗಿಸುವುದು ನೋಟವೇ. ಬಂಡವಾಳವೇ ಇಲ್ಲದವನಿಗೆ ‘ಕಲ್ಪಿಸಿಕೊಂಡು ಬರೆ’ ಎಂದರೆ ಅವನು ಪಕ್ಕದವನ ಹಾಳೆಯತ್ತ ಕಣ್ಣು ಹಾಯಿಸದೆ ಇನ್ನೇನು ಮಾಡಿಯಾನು?

ತರಗತಿಯಲ್ಲಿ ಇದನ್ನು ಮಾಡಲು ಹಣ ಬೇಕಿಲ್ಲ. ‘ಏನು ಬಿಡಿಸಲಿ’ ಎಂದು ಕೇಳಿದ ಮಗುವಿಗೆ ವಿಷಯದ ಬದಲು ನಾನೊಂದು ಪ್ರಶ್ನೆಯನ್ನು ಕೊಡುತ್ತಿದ್ದೆ. ಇವತ್ತು ಶಾಲೆಗೆ ಬರುವ ದಾರಿಯಲ್ಲಿ ಮೊದಲು ಕಂಡದ್ದು ಯಾವುದು? ನಿಮ್ಮ ಅಡುಗೆಮನೆಯಲ್ಲಿ ಅತ್ಯಂತ ಹಳೆಯ ಪಾತ್ರೆ ಎಲ್ಲಿ ಸೊಟ್ಟಗಾಗಿದೆ? ಅಮ್ಮ ತರಕಾರಿ ಹೆಚ್ಚುವಾಗ ಎಡಗೈ ಬೆರಳುಗಳನ್ನು ಹೇಗೆ ಮಡಚಿಕೊಳ್ಳುತ್ತಾಳೆ? ಚಪ್ಪಲಿ ಬಿಡುವ ಜಾಗದಲ್ಲಿ ನಿಮ್ಮ ಮನೆಯವರ ಚಪ್ಪಲಿಗಳನ್ನು ಗುರುತಿಸುವುದು ಹೇಗೆ? ಒಂದೇ ಎಲೆಯನ್ನು ಐದು ಸಲ ತಿರುಗಿಸಿ ಐದು ಚಿತ್ರ ಬಿಡಿಸಲು ಹೇಳುತ್ತಿದ್ದೆ. ಹಾಳೆಯನ್ನು ನೋಡದೆ, ವಸ್ತುವಿನ ಅಂಚಿನ ಮೇಲೆ ಕಣ್ಣು ಹರಿಸುತ್ತಾ ಗೆರೆ ಎಳೆಯುವ ಅಭ್ಯಾಸ ಮಾಡಿಸುತ್ತಿದ್ದೆ. ಅಮೆರಿಕದ ಕಲಾಶಿಕ್ಷಕ ಕಿಮೊನ್ ನಿಕೊಲೈಡಿಸ್‌ನ 1941ರ ಪುಸ್ತಕದಿಂದ ಈ ಅಭ್ಯಾಸ ಜಗತ್ತಿನ ಹಲವೆಡೆ ಹರಡಿದೆ. ಗೆರೆ ಸೊಟ್ಟಗಾಗುತ್ತದೆ, ಮಕ್ಕಳು ನಗುತ್ತಾರೆ. ಆದರೆ ಆ ಎಲೆಯನ್ನು ಅವರು ಜೀವಮಾನದಲ್ಲಿ ಮರೆಯುವುದಿಲ್ಲ. ಇಂತಹ ಪ್ರಶ್ನೆ ಕೇಳಿಸಿಕೊಂಡ ಮಗು ಮುಂದಿನ ವಾರ ತಾನೇ ಪ್ರಶ್ನೆಗಳನ್ನು ಕಟ್ಟಿಕೊಂಡು ಬರುತ್ತದೆ.

ಅಂತಹ ಒಂದು ತರಗತಿಯಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬ ಬಹಳ ಹೊತ್ತು ಸುಮ್ಮನೆ ಕೂತಿದ್ದ. ಅವನ ತಂದೆಗೆ ಹೆದ್ದಾರಿಯ ಬದಿಯಲ್ಲಿ ಪಂಕ್ಚರ್ ಅಂಗಡಿ. ಸಂಜೆ ಅಲ್ಲಿ ಏನೇನು ನೋಡುತ್ತೀಯೆ ಎಂದು ಕೇಳಿದೆ. ಟ್ಯೂಬನ್ನು ನೀರಿನ ಬಾಂಡ್ಲಿಯಲ್ಲಿ ಮುಳುಗಿಸಿದಾಗ ತೂತಿನಿಂದ ಗುಳ್ಳೆಗಳು ಸಾಲಾಗಿ ಏಳುವುದನ್ನು, ಅಪ್ಪ ಆ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯುವುದನ್ನು ಅವನು ಹೇಳಿದ. ಹೇಳಿ, ಅಳುಕುತ್ತಾ ಕೇಳಿದ: ‘ಇದನ್ನೆಲ್ಲ ಚಿತ್ರ ಬಿಡಿಸಬಹುದಾ ಸಾರ್?’ ಬಿಡಿಸು ಎಂದೆ. ಅವನ ಚಿತ್ರದಲ್ಲಿ ಅಳತೆ ಸರಿಯಿರಲಿಲ್ಲ. ಬಾಂಡ್ಲಿ ಅಪ್ಪನಿಗಿಂತ ದೊಡ್ಡದಾಗಿತ್ತು. ಆದರೆ ಒಂದೊಂದು ಗುಳ್ಳೆಯೂ ಬೇರೆ ಬೇರೆ ಗಾತ್ರದ್ದಾಗಿತ್ತು, ಆ ಹೆಬ್ಬೆರಳಿನ ಉಗುರಿನಲ್ಲಿ ಗ್ರೀಸಿನ ಕಪ್ಪು ಇತ್ತು. ಈ ಚರ್ಚೆಯಲ್ಲಿ ಪಣಕ್ಕಿರುವುದು ಆ ಹುಡುಗನ ಪ್ರಶ್ನೆಯೇ. ತನ್ನ ತಂದೆಯ ದುಡಿಮೆ ಚಿತ್ರವಾಗಲು ಯೋಗ್ಯವೇ ಎಂದು ಹದಿಮೂರು ವರ್ಷದ ಬಾಲಕ ಅನುಮತಿ ಕೇಳಬೇಕಾಗಿ ಬಂತು. ಎಂಟು ವರ್ಷಗಳ ಶಾಲಾ ಶಿಕ್ಷಣ ಅವನಿಗೆ ಆ ಅನುಮತಿಯನ್ನು ಕೊಟ್ಟಿರಲಿಲ್ಲ.

ವ್ಯವಸ್ಥೆಯ ಕಡೆ ನೋಡಿದರೆ ಇದು ಆಶ್ಚರ್ಯವೂ ಅಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನೊಂದಿಗೆ ಬಂದ ತಜ್ಞರ ಪ್ರಬಂಧ ಹತ್ತನೆಯ ತರಗತಿಯವರೆಗೆ ಕಲೆಯನ್ನು ಕಡ್ಡಾಯ ವಿಷಯವಾಗಿಸಬೇಕೆಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಠ್ಯ ಮತ್ತು ಪಠ್ಯೇತರ ಎಂಬ ಭೇದವೇ ಸಲ್ಲದೆಂದಿತು. ಆದರೆ ಕಾನೂನಿನ ಬಲವಿರುವುದು 2009ರ ಶಿಕ್ಷಣ ಹಕ್ಕು ಕಾಯ್ದೆಗೆ. ಅದರ ಅನುಸೂಚಿ ಚಿತ್ರಕಲೆಯೂ ಸೇರಿದಂತೆ ಕಲಾಶಿಕ್ಷಣಕ್ಕೆ ವಿಧಿಸಿರುವುದು ಆರರಿಂದ ಎಂಟನೆಯ ತರಗತಿಗಳಿಗೆ, ಅದೂ ನೂರಕ್ಕಿಂತ ಹೆಚ್ಚು ಮಕ್ಕಳ ದಾಖಲಾತಿ ಇರುವಲ್ಲಿ, ಅರೆಕಾಲಿಕ ಬೋಧಕರನ್ನು ಮಾತ್ರ. ನೂರು ಮಕ್ಕಳಿಲ್ಲದ ಹಳ್ಳಿಯ ಶಾಲೆ ಈ ಲೆಕ್ಕಕ್ಕೆ ಬರುವುದೇ ಇಲ್ಲ. ಮಗು ‘ಏನು ಬಿಡಿಸಲಿ’ ಎಂದು ಕೇಳಲಾರಂಭಿಸುವ ಪ್ರಾಥಮಿಕ ತರಗತಿಗಳ ಗೊಡವೆಗೇ ಅದು ಹೋಗಿಲ್ಲ. ವೇಳಾಪಟ್ಟಿಯಲ್ಲಿ ಚಿತ್ರಕಲೆಯ ಅವಧಿ ಇರುವ ಶಾಲೆಗಳಲ್ಲೂ ಪರೀಕ್ಷೆ ಹತ್ತಿರವಾದಂತೆ ಅದು ಗಣಿತದ ಪಾಲಾಗುವುದನ್ನು ಬಲ್ಲ ಶಿಕ್ಷಕರು ನನ್ನಂತೆ ಅನೇಕರಿದ್ದಾರೆ.

ಈಗ ಇದಕ್ಕೆ ಹೊಸದೊಂದು ಆಯಾಮ ಸೇರಿದೆ. ನಾಲ್ಕು ಪದಗಳನ್ನು ಬರೆದರೆ ಚಿತ್ರವನ್ನು ತಯಾರಿಸಿಕೊಡುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು 2022ರಿಂದ ಜನಸಾಮಾನ್ಯರ ಕೈಗೆ ಬಂದಿವೆ. ಇನ್ನು ಚಿತ್ರ ಕಲಿಯುವ ಅಗತ್ಯವೇನು ಎಂದು ಪೋಷಕರು ಕೇಳುತ್ತಾರೆ. ಆದರೆ ಆ ಯಂತ್ರವೂ ನಮ್ಮ ಮುಂದೆ ಖಾಲಿ ಚೌಕವೊಂದನ್ನು ಇಟ್ಟು ಏನು ಬಿಡಿಸಲಿ ಎಂದೇ ಕೇಳುತ್ತದೆ. ಗೆರೆ ಎಳೆಯುವ ಶ್ರಮವನ್ನು ಅದು ಉಳಿಸಬಹುದು. ನೋಡುವ ಶ್ರಮವನ್ನು ನಮ್ಮ ಪರವಾಗಿ ಅದು ಪಡಲಾರದು. ಹಳ್ಳಿಯ ದೃಶ್ಯ ಎಂದಷ್ಟೇ ಬರೆದರೆ ಅದು ಕೊಡುವುದು ಈಗಾಗಲೇ ಇರುವ ಅಸಂಖ್ಯ ಚಿತ್ರಗಳ ಸಾರವನ್ನು, ಅಂದರೆ ಇನ್ನಷ್ಟು ನುಣುಪಾದ ಎರಡು ಗುಡ್ಡ, ಒಂದು ಸೂರ್ಯನನ್ನು. ಉಗುರಿನಲ್ಲಿ ಗ್ರೀಸಿನ ಕಪ್ಪು ಇರಲಿ ಎಂದು ಅದಕ್ಕೆ ಹೇಳಬೇಕಾದರೆ, ಅದನ್ನು ನೋಡಿದ ಒಬ್ಬ ಹುಡುಗ ಬೇಕು.

ಹೀಗಾಗಿ ನಾನು ಕೇಳುವುದು ದೊಡ್ಡ ಸುಧಾರಣೆಯನ್ನೇನಲ್ಲ. ಪ್ರತಿಭಾ ಕಾರಂಜಿಯಿಂದ ಹಿಡಿದು ಬಡಾವಣೆಯ ಉತ್ಸವದವರೆಗೆ ಮಕ್ಕಳ ಸ್ಪರ್ಧೆ ಏರ್ಪಡಿಸುವವರು ಘೋಷಣೆಗಳನ್ನು ವಿಷಯವಾಗಿ ಕೊಡುವುದನ್ನು ನಿಲ್ಲಿಸಲಿ. ಮಕ್ಕಳ ಮುಂದೆ ಒಂದು ಕೊಡ, ಒಂದು ಸೈಕಲ್, ಒಂದು ಮರವನ್ನಿಡಲಿ ಅಥವಾ ಅವರನ್ನು ಹತ್ತಿರದ ಸಂತೆಗೆ ಕರೆದೊಯ್ದು ಕೂರಿಸಲಿ. ಅಂತಿಮ ಚಿತ್ರವೊಂದಕ್ಕೇ ಬಹುಮಾನ ಕೊಡುವ ಬದಲು ಮಗು ವರ್ಷವಿಡೀ ಗೀಚಿದ ಪುಸ್ತಕವನ್ನು ನೋಡಿ ಬಹುಮಾನ ಕೊಡಲಿ. ದಾಖಲಾತಿಯ ಲೆಕ್ಕ ಬದಿಗಿಟ್ಟು, ಕ್ಲಸ್ಟರ್ ಮಟ್ಟದಲ್ಲಾದರೂ ಸರ್ಕಾರ ಒಬ್ಬ ಪೂರ್ಣಾವಧಿ ಚಿತ್ರಕಲಾ ಶಿಕ್ಷಕರನ್ನು ನೇಮಿಸಲಿ. ಅಕ್ಕಪಕ್ಕದ ಸಣ್ಣ ಶಾಲೆಗಳಿಗೆ ವಾರಕ್ಕೊಂದು ದಿನ ಅವರು ಹೋಗಿಬಂದರೂ ಸಾಕು. ಪೋಷಕರಲ್ಲಿ ನನ್ನದೊಂದೇ ಕೋರಿಕೆ. ಮಗು ಚಿತ್ರ ತಂದು ತೋರಿಸಿದಾಗ ‘ಚೆನ್ನಾಗಿದೆ’ ಎಂದು ಬದಿಗಿಡುವ ಮುನ್ನ, ‘ಇದನ್ನು ಎಲ್ಲಿ ನೋಡಿದೆ?’ ಎಂದು ಕೇಳಿ.

ಚಿತ್ರ ಕಲಿತ ಮಕ್ಕಳೆಲ್ಲ ಕಲಾವಿದರಾಗಬೇಕಿಲ್ಲ. ಆಗುವುದೂ ಇಲ್ಲ. ಆದರೆ ತನ್ನ ಬೀದಿಯ ಖಾಲಿ ಕೊಡಗಳನ್ನು ಒಮ್ಮೆ ಕೂತು ಬಿಡಿಸಿದ ಹುಡುಗಿ, ಮುಂದೆ ಅಧಿಕಾರಿಯಾಗಿಯೋ ಮತದಾರಳಾಗಿಯೋ ಆ ಸಾಲನ್ನು ನೋಡಿಯೂ ನೋಡದಂತೆ ದಾಟಿಹೋಗಲಾರಳು. ನೋಡುವುದನ್ನು ಕಲಿತ ಪ್ರಜೆ ಯಾವುದೇ ಸಮಾಜಕ್ಕೆ ಆಸ್ತಿ. ಏನು ಬಿಡಿಸಲಿ ಎಂಬ ಪ್ರಶ್ನೆಗೆ ದೊಡ್ಡವರಾದ ನಾವು ಉತ್ತರ ಹೇಳಿಕೊಡಬೇಕಾಗಿಲ್ಲ; ಉತ್ತರ ಮಗುವಿನ ಕಣ್ಣೆದುರಿಗೇ ಇದೆ. ಅದನ್ನು ಮರೆಮಾಡಿ ನಿಂತಿರುವ ನಾವು ಸ್ವಲ್ಪ ಪಕ್ಕಕ್ಕೆ ಸರಿದರೆ ಸಾಕು.